ಠಾಣೆಗೂ ಮನೆಗೂ ನಡುವೆ

ಸಂಜೆ ಏಳು ಗಂಟೆಯ ಹೊತ್ತು. ಜಿಲ್ಲಾ ಕೇಂದ್ರವೊಂದರ ಪೊಲೀಸ್ ಠಾಣೆಯ ಪಕ್ಕದ ಕೋಣೆಯಲ್ಲಿ ಹದಿನೈದು ವರ್ಷದ ಹುಡುಗನೊಬ್ಬನು ಬೆಂಚಿನ ತುದಿಯಲ್ಲಿ ಮುದುಡಿ ಕುಳಿತಿದ್ದಾನೆ. ಬಸ್ಸು ನಿಲ್ದಾಣದ ಎದುರು ಯಾರೋ ನಿಲ್ಲಿಸಿ ಹೋಗಿದ್ದ ಬೈಕನ್ನು ತಳ್ಳಿಕೊಂಡು ಹೋಗುತ್ತಿದ್ದಾಗ ಜನರು ಅವನನ್ನು ಹಿಡಿದರು. ನಾಲ್ಕೇಟು ಹಾಕಿದ ಮೇಲೆಯೇ ಪೊಲೀಸರಿಗೆ ಒಪ್ಪಿಸಿದರು. ಅವನ ತುಟಿಯ ಅಂಚು ಒಡೆದಿದೆ. ಎದುರಿಗೆ ಕುಳಿತಿರುವ ಅಧಿಕಾರಿ ಖಾಕಿ ಧರಿಸಿಲ್ಲ, ಸಾದಾ ಅಂಗಿಯಲ್ಲಿದ್ದಾರೆ. ಆದರೆ ಹುಡುಗನ ಭಯವೇನೂ ಅದರಿಂದ ಕಡಿಮೆಯಾಗಿಲ್ಲ. ಅವನು ನೆಲವನ್ನೇ ನೋಡುತ್ತಿದ್ದಾನೆ. ಹೆಸರನ್ನು ಮೂರು ಸಲ ಕೇಳಿದ ಮೇಲೆ ಒಮ್ಮೆ ಹೇಳಿದ್ದಾನೆ. ಅದೂ ಸುಳ್ಳು ಹೆಸರು.

ಇಂಥ ಹುಡುಗನೊಬ್ಬನಿದ್ದಾನೆಂದು ಭಾವಿಸಿಕೊಳ್ಳೋಣ. ಅವನಿಗೆ ಇಲ್ಲಿ ಹೆಸರಿಡುವುದು ಬೇಡ. ಕಲ್ಪನೆಯ ಹುಡುಗನಿಗೆ ಹೆಸರಿಟ್ಟರೆ ಯಾರ ಅಡ್ಡಿಯೂ ಇಲ್ಲ, ನಿಜ. ಆದರೆ ಅವನು ನಿಜವಾದ ಹುಡುಗನೇ ಆಗಿದ್ದರೆ ಅವನ ಹೆಸರು, ಶಾಲೆ, ವಿಳಾಸ, ಭಾವಚಿತ್ರ, ಇವುಗಳಲ್ಲಿ ಯಾವುದನ್ನೂ ಪ್ರಕಟಿಸಲು ನಮ್ಮ ದೇಶದ ಕಾನೂನು ಅವಕಾಶ ಕೊಡುವುದಿಲ್ಲ. ಊರಿನ ಬಾಯಿಗೆ ಬಿದ್ದ ಹೆಸರು ಮತ್ತೆ ಹಿಂದಕ್ಕೆ ಬರುವುದು ಕಷ್ಟವೆಂಬುದನ್ನು ಕಾನೂನು ಮಾಡಿದವರು ಅರಿತಿದ್ದರು.

ಸ್ವಲ್ಪ ಹೊತ್ತಿನಲ್ಲಿ ಇನ್ನಿಬ್ಬರು ಆ ಕೋಣೆಗೆ ಬರುತ್ತಾರೆ. ಒಬ್ಬನು ಹುಡುಗನ ತಂದೆ. ಕೃಷಿ ಮಾರುಕಟ್ಟೆಯ ಅಂಗಳದಲ್ಲಿ ಮೂಟೆ ಹೊರುವ ಹಮಾಲಿ. ಬಾಗಿಲಲ್ಲಿ ನಿಂತೇ ಅವನು, "ಇವನು ನನ್ನ ಮಗನೇ ಅಲ್ಲ ಸಾರ್. ನಾಲ್ಕು ಬಿಗಿದು ಒಳಗೆ ಹಾಕಿಬಿಡ್ರಿ" ಎನ್ನುತ್ತಾನೆ. ಇನ್ನೊಬ್ಬರು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಆಪ್ತಸಮಾಲೋಚಕಿ. ಆಕೆ ಹುಡುಗನನ್ನು ಏನೂ ಕೇಳುವುದಿಲ್ಲ. ತಂದೆಯ ಕಡೆ ತಿರುಗಿ, "ಯಜಮಾನರೇ, ಮಧ್ಯಾಹ್ನ ಊಟ ಮಾಡಿದ್ರಾ?" ಎನ್ನುತ್ತಾರೆ. ಮಾಡಿಲ್ಲವೆಂದು ಅವನು ತಲೆಯಾಡಿಸುತ್ತಾನೆ. ಹುಡುಗನೂ ಮಾಡಿಲ್ಲ. ಪೊಲೀಸ್ ಅಧಿಕಾರಿಯೇ ಇಬ್ಬರಿಗೂ ಚಹಾ, ಬ್ರೆಡ್ಡು ತರಿಸುತ್ತಾರೆ. ಅಪ್ಪನೂ ಮಗನೂ ಒಂದೇ ಬೆಂಚಿನ ಮೇಲೆ ಕುಳಿತು ಚಹಾ ಕುಡಿಯುವುದಕ್ಕೆ ಹತ್ತು ನಿಮಿಷ ಹಿಡಿಯುತ್ತದೆ. ಇದನ್ನು ದೂರದಿಂದ ನೋಡಿದವರು ಈಕೆಗೆ ಇದೂ ಒಂದು ಕೆಲಸವೇ ಎಂದು ಕೇಳಿದರೂ ಕೇಳಬಹುದು. ಆದರೆ ಕೌಟುಂಬಿಕ ಸಮಾಲೋಚನೆ ಎಂಬ ವೃತ್ತಿಯು ಬಹುಮಟ್ಟಿಗೆ ಹೀಗೆಯೇ, ಕಣ್ಣಿಗೆ ಕಾಣದ ರೀತಿಯಲ್ಲಿ ಆರಂಭವಾಗುತ್ತದೆ.

ಪೊಲೀಸರ ಜೊತೆಯಲ್ಲಿ ಇಂಥವರೊಬ್ಬರು ಇರಬೇಕೆಂಬ ವಿಚಾರ ಒಂದೇ ದಿನದಲ್ಲಿ ಹುಟ್ಟಿದುದಲ್ಲ. ಮಕ್ಕಳನ್ನೂ ದೊಡ್ಡವರನ್ನೂ ಒಂದೇ ನ್ಯಾಯಾಲಯದಲ್ಲಿ ನಿಲ್ಲಿಸಿ, ಒಂದೇ ಸೆರೆಮನೆಗೆ ಕಳುಹಿಸುತ್ತಿದ್ದ ಕಾಲವೊಂದಿತ್ತು. 1841ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಬೂಟು ಹೊಲಿಯುವ ಕಸುಬಿನ ಜಾನ್ ಆಗಸ್ಟಸ್ ಎಂಬಾತನು ನ್ಯಾಯಾಲಯಕ್ಕೆ ಹೋಗಿ, ಕುಡಿತದ ಆಪಾದನೆಯ ಮೇಲೆ ಸೆರೆಗೆ ಹೋಗಲಿದ್ದ ಒಬ್ಬನಿಗೆ ತಾನೇ ಜಾಮೀನು ನಿಂತನು. ಆ ಬಳಿಕ ಅವನು ಎಳೆಯರಿಗೂ ಹಾಗೆಯೇ ಜಾಮೀನಾಗತೊಡಗಿದನು. ಜಾಮೀನು ನಿಲ್ಲುವ ಮುನ್ನ ಆ ಮನುಷ್ಯನ ನಡತೆ, ವಯಸ್ಸು, ಸುತ್ತಮುತ್ತಲಿನ ಪರಿಸರ ಇವನ್ನೆಲ್ಲ ಅವನು ವಿಚಾರಿಸಿ ತಿಳಿದುಕೊಳ್ಳುತ್ತಿದ್ದನು. ಇಂದಿನ ಪರಿವೀಕ್ಷಣಾಧಿಕಾರಿಯ ವರದಿಯ ಮೂಲ ಅಲ್ಲಿದೆ.

1899ರಲ್ಲಿ ಅದೇ ದೇಶದ ಷಿಕಾಗೋ ನಗರದಲ್ಲಿ ಮಕ್ಕಳಿಗಾಗಿಯೇ ಪ್ರತ್ಯೇಕ ನ್ಯಾಯಾಲಯ ಸ್ಥಾಪನೆಯಾಯಿತು. ಅಲ್ಲಿನ ಕಾನೂನು ಪರಿವೀಕ್ಷಕರನ್ನು ನೇಮಿಸಲು ಒಪ್ಪಿತು. ಅವರಿಗೆ ಸಂಬಳ ಕೊಡಲು ಒಪ್ಪಲಿಲ್ಲ! ಜೇನ್ ಆಡಮ್ಸ್ ಅವರ ಹಲ್ ಹೌಸ್ ಎಂಬ ಸೇವಾಕೇಂದ್ರದ ಮಹಿಳೆಯರೂ ಅವರ ಗೆಳತಿಯರೂ ಚಂದಾ ಎತ್ತಿ ಆ ಸಂಬಳವನ್ನು ಹೊಂದಿಸಿದರು. ಒಳ್ಳೆಯ ಕೆಲಸಕ್ಕೆ ಒಪ್ಪಿಗೆ ಮೊದಲು, ಹಣ ಆಮೇಲೆ ಎಂಬ ಪದ್ಧತಿ ನಮ್ಮ ದೇಶಕ್ಕಷ್ಟೇ ಸೀಮಿತವಲ್ಲವೆಂದಾಯಿತು.

ನಮ್ಮಲ್ಲಿ 1920ರಲ್ಲಿ ಮದರಾಸು ಪ್ರಾಂತವು ಮೊದಲಿಗೆ ಮಕ್ಕಳ ಕಾಯಿದೆಯನ್ನು ಮಾಡಿತು. ಮೈಸೂರು ರಾಜ್ಯದ ಕಾಯಿದೆ 1964ರಲ್ಲಿ ಬಂದಿತು. ಜಮ್ಮು ಮತ್ತು ಕಾಶ್ಮೀರವನ್ನು ಬಿಟ್ಟು ಇಡೀ ದೇಶಕ್ಕೆ ಅನ್ವಯಿಸುವ ಬಾಲ ನ್ಯಾಯ ಕಾಯಿದೆಯನ್ನು ಸಂಸತ್ತು 1986ರಲ್ಲಿ ಅಂಗೀಕರಿಸಿತು. 2000ದಲ್ಲಿ ಅದನ್ನು ಹೊಸದಾಗಿ ಬರೆಯಿತು. ಈಗ ಜಾರಿಯಲ್ಲಿರುವುದು 2015ರ ಕಾಯಿದೆ. ಇದರ ಪ್ರಕಾರ ಪ್ರತಿಯೊಂದು ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯೊಬ್ಬರಿರಬೇಕು. ಪ್ರತಿಯೊಂದು ಜಿಲ್ಲೆಯಲ್ಲೂ ಮಕ್ಕಳಿಗಾಗಿ ವಿಶೇಷ ಪೊಲೀಸ್ ಘಟಕವಿರಬೇಕು. ಅದರಲ್ಲಿ ಪೊಲೀಸರಲ್ಲದ ಇಬ್ಬರು ಸಮಾಜ ಕಾರ್ಯಕರ್ತರಿರಬೇಕು, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಕಾಯಿದೆಗೂ ಮೊದಲೇ ಇಂಥ ಪ್ರಯೋಗ ನಡೆದದ್ದುಂಟು. 1984ರಲ್ಲಿ ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು ತಮ್ಮ ಕಾರ್ಯಕರ್ತರಿಗಾಗಿ ಅಲ್ಲಿನ ಪೊಲೀಸ್ ಇಲಾಖೆಯ ಒಳಗೇ ಒಂದು ಸ್ಥಾನವನ್ನು ಕೇಳಿ ಪಡೆದರು. ನೊಂದ ಹೆಂಗಸರ ಮತ್ತು ಮಕ್ಕಳ ದೂರುಗಳನ್ನು ಅಲ್ಲಿಯೇ ಕುಳಿತು ಕೇಳತೊಡಗಿದರು. ಬೆಂಗಳೂರಿನಲ್ಲಿಯೂ ನಗರ ಪೊಲೀಸ್ ಆಯುಕ್ತರ ಕಚೇರಿಯ ಆವರಣದಲ್ಲಿ ವನಿತಾ ಸಹಾಯವಾಣಿ, ಮಕ್ಕಳ ಸಹಾಯವಾಣಿಗಳು ಕೆಲಸ ಮಾಡಿದವು. 1996ರಲ್ಲಿ ಮುಂಬಯಿಯಲ್ಲಿ ಮೊದಲಾದ 1098 ಎಂಬ ಮಕ್ಕಳ ದೂರವಾಣಿ ಸಂಖ್ಯೆ ಇಂದಿಗೂ ಇದೆ. ಕಷ್ಟದಲ್ಲಿರುವ ಮಗು ಯಾವ ಹಣವನ್ನೂ ಕೊಡದೆ ಆ ಸಂಖ್ಯೆಗೆ ಕರೆಮಾಡಬಹುದು.

ಈಗ ಆ ಬೆಂಚಿನ ಬಳಿಗೆ ಮರಳೋಣ. ಬೈಕಿನ ಕಳವಿನಂಥ ಅಪರಾಧವನ್ನು ಕಾಯಿದೆಯು ಸಣ್ಣ ಅಪರಾಧಗಳ ಸಾಲಿಗೆ ಸೇರಿಸುತ್ತದೆ. ಕೇಂದ್ರ ಸರ್ಕಾರದ 2016ರ ಮಾದರಿ ನಿಯಮಗಳಂತೆ ಇಂಥ ಸಂದರ್ಭದಲ್ಲಿ ಮಗುವಿನ ಮೇಲೆ ಎಫ್.ಐ.ಆರ್. ದಾಖಲಿಸುವುದಿಲ್ಲ, ವಿಷಯವನ್ನು ಠಾಣೆಯ ದಿನಚರಿಯಲ್ಲಿ ಬರೆದು, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿಯನ್ನು ಸಿದ್ಧಪಡಿಸಿ ಬಾಲ ನ್ಯಾಯ ಮಂಡಳಿಗೆ ಕಳುಹಿಸುತ್ತಾರೆ. ಯಾವ ಮಗುವನ್ನೇ ಆಗಲಿ ಲಾಕಪ್ಪಿನಲ್ಲಿಡುವಂತಿಲ್ಲ, ಬೇಡಿ ತೊಡಿಸುವಂತಿಲ್ಲ, ಹೇಳಿಕೆಯ ಕೆಳಗೆ ಸಹಿ ಹಾಕಿಸಿಕೊಳ್ಳುವಂತಿಲ್ಲ. ಆದುದರಿಂದ ನಮ್ಮ ಹುಡುಗನು ಆ ರಾತ್ರಿಯೇ ತಂದೆಯೊಡನೆ ಮನೆಗೆ ಹೋಗಬಹುದು. ಅವನ ತುಟಿಗೆ ಔಷಧಿ ಹಚ್ಚಿಸಿದ್ದಾಗಿದೆ. ಮಂಡಳಿಯ ಮುಂದೆ ಯಾವಾಗ ಹಾಜರಾಗಬೇಕೆಂಬುದನ್ನು ತಂದೆಗೆ ತಿಳಿಸಿದ್ದಾಗಿದೆ.

ಆದರೆ ಕೋಪದಿಂದ ಕುದಿಯುತ್ತಿರುವ ತಂದೆಯ ಕೈಗೆ ಮಗನನ್ನು ಹಾಗೆಯೇ ಒಪ್ಪಿಸಿಬಿಟ್ಟರೆ ಆ ರಾತ್ರಿ ಮನೆಯಲ್ಲಿ ಏನು ನಡೆದೀತು? ಲಾಕಪ್ಪಿನಿಂದ ತಪ್ಪಿಸಿದ ಮಗುವನ್ನು ಮನೆಯ ಕಂಬಕ್ಕೆ ಕಟ್ಟಿಸಿದಂತಾಗಬಾರದಷ್ಟೆ. ಸಮಾಲೋಚಕಿಯು ತಂದೆಯಿಂದ ಒಂದೇ ಒಂದು ಮಾತನ್ನು ಪಡೆಯುತ್ತಾರೆ: "ನಾನು ನಾಳೆ ಮನೆಗೆ ಬರೋವರೆಗೂ ಅವನ ಮೇಲೆ ಕೈ ಮಾಡಬೇಡಿ. ಬೈಯೋದಿದ್ರೆ ನಾನು ಬಂದ ಮೇಲೆ ನನ್ನೆದುರೇ ಬೈಯಿರಿ." ಎಂದೆಂದಿಗೂ ಹೊಡೆಯಬೇಡಿ ಎಂದು ಕೇಳಿದ್ದರೆ ಅವನು ಒಪ್ಪುತ್ತಿರಲಿಲ್ಲ, ಒಂದು ರಾತ್ರಿಯ ಮಟ್ಟಿಗೆ ಒಪ್ಪುತ್ತಾನೆ.

ಪೊಲೀಸರದೂ ಸಮಾಲೋಚಕಿಯದೂ ಒಂದೇ ಕೆಲಸವಲ್ಲ. ಏನು ನಡೆಯಿತು, ಎಲ್ಲಿ ನಡೆಯಿತು, ಯಾರು ಕಂಡರು ಎಂಬುದನ್ನು ಪೊಲೀಸರು ಶೋಧಿಸುತ್ತಾರೆ. ಹೀಗೆ ನಡೆಯುವವರೆಗೆ ಈ ಮಗುವಿನ ಬದುಕಿನಲ್ಲಿ ಏನಾಗುತ್ತಿತ್ತು ಎಂಬುದು ಸಮಾಲೋಚಕಿಯ ಪ್ರಶ್ನೆ. ತೀರ್ಪು ಇಬ್ಬರದೂ ಅಲ್ಲ. ಅದು ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜ ಕಾರ್ಯಕರ್ತರೂ ಇರುವ ಬಾಲ ನ್ಯಾಯ ಮಂಡಳಿಗೆ ಸೇರಿದ್ದು. ಸಮಾಲೋಚಕಿ ಹುಡುಗನ ವಕೀಲಳಲ್ಲ. ಪೊಲೀಸರ ಗೂಢಚಾರಳೂ ಅಲ್ಲ. ಈ ಎರಡು ಅಪಾರ್ಥಗಳಿಂದಲೂ ತಪ್ಪಿಸಿಕೊಂಡು ನಡೆಯುವುದೇ ಆಕೆಯ ವೃತ್ತಿಯಲ್ಲಿ ಅತ್ಯಂತ ಕಠಿಣವಾದುದು.

ಮರುದಿನ ಆಕೆ ಆ ಮನೆಗೆ ಹೋಗುತ್ತಾರೆ. ಪೊಲೀಸ್ ಜೀಪಿನಲ್ಲಿ ಹೋಗುವುದಿಲ್ಲ. ಆಟೋ ಹಿಡಿದು, ಅದನ್ನೂ ಮುಖ್ಯರಸ್ತೆಯಲ್ಲಿಯೇ ಬಿಟ್ಟು ನಡೆಯುತ್ತಾರೆ. ಕೇರಿಯ ಬಾಯಲ್ಲಿ ಜೀಪು ನಿಂತರೆ ಸಾಕು, ಆ ಮನೆಗೆ ಹತ್ತಿದ ಮಸಿ ಹತ್ತು ವರ್ಷವಾದರೂ ತೊಳೆಯದು. ಹೋಗುವ ಹೊತ್ತನ್ನೂ ಆಕೆ ವಿಚಾರಿಸಿಯೇ ಗೊತ್ತುಮಾಡಿಕೊಂಡಿದ್ದಾರೆ. ಹುಡುಗನ ತಾಯಿ ಮಂಡಕ್ಕಿ ಭಟ್ಟಿಯಲ್ಲಿ ಕೂಲಿ ಮಾಡುತ್ತಾಳೆ. ನಸುಕಿನಲ್ಲೇ ಮನೆ ಬಿಟ್ಟರೆ ಮಧ್ಯಾಹ್ನ ಎರಡಕ್ಕೆ ಬರುತ್ತಾಳೆ. ತಂದೆಗೆ ಹಿಂದಿನ ವರ್ಷ ಮೂಟೆ ಇಳಿಸುವಾಗ ಬೆನ್ನು ಉಳುಕಿತು. ಅಂದಿನಿಂದ ವಾರದಲ್ಲಿ ಮೂರು ದಿನ ಕೆಲಸ, ನಾಲ್ಕು ದಿನ ನೋವು; ನೋವಿನ ಹೆಸರಿನಲ್ಲಿ ಕುಡಿತ. ಮನೆಯಲ್ಲಿ ಅಜ್ಜಿಯೊಬ್ಬಳಿದ್ದಾಳೆ. "ಅವನು ಕಳ್ಳ ಅಲ್ಲ ತಾಯೀ. ಬೈಕು ಅಂದ್ರೆ ಜೀವ ಬಿಡ್ತಾನೆ, ಅಷ್ಟೇ" ಎಂದು ಅವಳು ಮೊಮ್ಮಗನ ಪರವಾಗಿ ವಾದಿಸುತ್ತಾಳೆ.

ಸಮಾಲೋಚಕಿಯು ಹುಡುಗನನ್ನು "ಏಕೆ ಕದ್ದೆ?" ಎಂದು ಕೇಳುವುದಿಲ್ಲ. ಆ ಪ್ರಶ್ನೆಗೆ ಉತ್ತರ ಅವನಿಗೂ ತಿಳಿಯದು, ತಿಳಿದರೂ ಹೇಳಲಾರ. ಅದರ ಬದಲು, "ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳ್ತೀಯಪ್ಪಾ? ಎದ್ದು ಏನು ಮಾಡ್ತೀಯ?" ಎಂದು ಆರಂಭಿಸುತ್ತಾರೆ. ಆರು ಗಂಟೆಗೆ ನೀರು ಹಿಡಿಯುವುದು. ಎಂಟಕ್ಕೆ ಅಜ್ಜಿಗೆ ಚಹಾ. ಒಂಬತ್ತೂವರೆಗೆ ಚೀಲ ಹೆಗಲಿಗೇರಿಸಿ ಶಾಲೆಗೆ. ಅಲ್ಲಿಂದ ಮುಂದೆ ಅವನ ಮಾತು ತಡವರಿಸುತ್ತದೆ. ಹತ್ತರಿಂದ ನಾಲ್ಕರವರೆಗಿನ ಗಂಟೆಗಳನ್ನು ಒಂದೊಂದಾಗಿ ಕೇಳುತ್ತ ಹೋದಂತೆ ಸಂಗತಿ ಹೊರಬೀಳುತ್ತದೆ. ಮೂರು ತಿಂಗಳಿನಿಂದ ಅವನು ಶಾಲೆಯೊಳಗೆ ಕಾಲಿಟ್ಟಿಲ್ಲ. ಗಣಿತದ ಪರೀಕ್ಷೆಯಲ್ಲಿ ಎರಡು ಅಂಕ ಬಂದಿದ್ದವು. ತಂದೆಯನ್ನು ಕರೆತರಬೇಕೆಂದು ಶಾಲೆಯಲ್ಲಿ ಹೇಳಿದ್ದರು. ತಂದೆಗೆ ಹೇಳುವ ಧೈರ್ಯ ಅವನಿಗಾಗಲಿಲ್ಲ. ದಿನವೂ ಚೀಲ ಹೊತ್ತು ಹೊರಟು, ಬಸ್ಸು ನಿಲ್ದಾಣದಲ್ಲಿಯೋ ಗ್ಯಾರೇಜಿನ ಮುಂದೆಯೋ ಕುಳಿತು, ಸಂಜೆ ಚೀಲದೊಡನೆ ಮರಳುತ್ತಿದ್ದನು. ಮೂರು ತಿಂಗಳ ಕಾಲ ಒಂದು ಮಗು ಇರಬೇಕಾದ ಕಡೆ ಇರಲಿಲ್ಲ. ಮನೆಯವರು ಶಾಲೆಯಲ್ಲಿದ್ದಾನೆಂದುಕೊಂಡಿದ್ದರು, ಶಾಲೆಯವರು ಮನೆಯಲ್ಲಿದ್ದಾನೆಂದುಕೊಂಡಿದ್ದರು. ಬೈಕಿನ ಕಳವಿಗಿಂತ ಇದು ಸಣ್ಣ ಸಂಗತಿಯೆಂದು ಯಾರು ಹೇಳಬಲ್ಲರು?

ತಂದೆ ಇದನ್ನು ಗೋಡೆಗೊರಗಿ ಕೇಳುತ್ತಿದ್ದಾನೆ. ಅವನು ಎದ್ದು ಹೊಡೆದಾನೆಂದು ಎಲ್ಲರೂ ಹೆದರಿದ್ದಾರೆ. ಅವನು ಹೊಡೆಯುವುದಿಲ್ಲ. ಬಹಳ ಹೊತ್ತಿನ ಮೇಲೆ, "ಮಳೆಗಾಲದಾಗೂ ಹೊರಗೇ ಕುಂತಿದ್ಯಾ?" ಎಂದು ಕೇಳುತ್ತಾನೆ. ಅಷ್ಟೇ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ನಮ್ಮ ಜನ ಮಕ್ಕಳನ್ನು ದಂಡಿಸುವಾಗಲೆಲ್ಲ ಉದಾಹರಿಸುತ್ತಾರೆ. ಬಗ್ಗಿಸುವ ಅವಸರದಲ್ಲಿ ಗಿಡ ಮುರಿದರೆ ಮಾಡುವುದೇನು ಎಂಬುದನ್ನು ಆ ಗಾದೆ ಹೇಳುವುದಿಲ್ಲ. ಹಾಗೆಂದು ಸಮಾಲೋಚನೆಯೆಂದರೆ ಮಗುವಿನ ತಪ್ಪನ್ನು ಮುಚ್ಚಿಹಾಕುವುದೂ ಅಲ್ಲ. ಬೈಕಿನ ಒಡೆಯನೂ ದುಡಿದು ತಿನ್ನುವವನೇ. ಸಾಲದ ಕಂತು ಕಟ್ಟುತ್ತ ಆ ಬೈಕನ್ನು ಇಟ್ಟುಕೊಂಡವನು. ಆತನ ಗಾಬರಿ, ಆ ಸಂಜೆಯ ಅಲೆದಾಟ ಇವೆಲ್ಲವನ್ನೂ ಹುಡುಗನಿಗೆ ತಿಳಿಸಿಕೊಡುವುದು ಸಮಾಲೋಚನೆಯ ಒಂದು ಭಾಗವೇ.

ಈ ಕೆಲಸದಲ್ಲಿ ಇನ್ನೊಂದು ಗಂಟು ಇದೆ. ಎರಡನೆಯ ಭೇಟಿಯಲ್ಲಿ ಹುಡುಗನು ಮೆಲ್ಲಗೆ ಒಂದು ಮಾತನ್ನು ಹೊರಗೆಡಹುತ್ತಾನೆ. ಊರಾಚೆ ಗುಜರಿ ಅಂಗಡಿಯ ಒಬ್ಬ ಮನುಷ್ಯನಿದ್ದಾನೆ. ಬೈಕು ತಂದುಕೊಟ್ಟರೆ ಐನೂರು ರೂಪಾಯಿ ಕೊಡುತ್ತಾನೆ. ಇನ್ನೂ ಇಬ್ಬರು ಚಿಕ್ಕ ಹುಡುಗರು ಅವನ ಬಳಿ ಹೋಗುತ್ತಾರೆ. "ಮೇಡಂ, ಇದನ್ನು ಸಾಹೇಬರಿಗೆ ಹೇಳಬೇಡ್ರಿ" ಎಂದು ಹುಡುಗ ಬೇಡಿಕೊಳ್ಳುತ್ತಾನೆ. ಸಮಾಲೋಚಕಿಯಾದವರು ಈಗ ಏನು ಮಾಡಬೇಕು? ಮಕ್ಕಳನ್ನು ಇಂಥ ಕೆಲಸಕ್ಕೆ ಬಳಸಿಕೊಳ್ಳುವ ವಯಸ್ಕರಿಗೆ ಏಳು ವರ್ಷಗಳವರೆಗೆ ಕಠಿಣ ಸಜೆಯನ್ನೂ ಐದು ಲಕ್ಷ ರೂಪಾಯಿ ದಂಡವನ್ನೂ 2015ರ ಕಾಯಿದೆ ವಿಧಿಸುತ್ತದೆ. ಸುಮ್ಮನಿದ್ದರೆ ಉಳಿದಿಬ್ಬರು ಹುಡುಗರು ಅದೇ ಬೆಂಚಿಗೆ ಬರುತ್ತಾರೆ. ಹೇಳಿದರೆ ಈ ಹುಡುಗ ಮತ್ತೆಂದೂ ಯಾರೊಡನೆಯೂ ಬಾಯಿ ಬಿಡಲಾರ. ಅದೂ ಅಲ್ಲದೆ, ವಯಸ್ಕರೊಡನೆ ಸೇರಿ ನಡೆದ ಅಪರಾಧವೆಂದಾದರೆ ಎಫ್.ಐ.ಆರ್. ದಾಖಲಿಸಲು ನಿಯಮ ಅವಕಾಶ ಕೊಡುತ್ತದೆ. ನಿಜ ಹೇಳಿದುದಕ್ಕೆ ಹುಡುಗನ ಪ್ರಕರಣವೇ ಭಾರವಾಗಬಹುದು.

ಇಂಥ ಸಂದರ್ಭಕ್ಕೆ ಪರಿಣತರಾದ ಸಮಾಲೋಚಕರು ಮೊದಲ ದಿನವೇ ಸಿದ್ಧರಾಗಿರುತ್ತಾರೆ. "ನೀನು ಹೇಳಿದ್ದನ್ನೆಲ್ಲ ಯಾರಿಗೂ ಹೇಳೋದಿಲ್ಲ" ಎಂದು ಅವರು ಎಂದೂ ಭಾಷೆ ಕೊಡುವುದಿಲ್ಲ. "ನಿನಗಾಗಲಿ ಬೇರೆಯವರಿಗಾಗಲಿ ಅಪಾಯ ಇರೋ ಮಾತನ್ನ ನಾನು ಮುಚ್ಚಿಡೋಕಾಗಲ್ಲ. ಆದರೆ ನಿನಗೆ ತಿಳಿಸದೆ ಹೇಳೋದೂ ಇಲ್ಲ" ಎಂಬುದು ಅವರ ಕರಾರು. ಆ ಕರಾರಿನಂತೆ ಈಕೆ ಹುಡುಗನೊಡನೆ ಮತ್ತೆ ಕುಳಿತುಕೊಳ್ಳುತ್ತಾರೆ. ಹೇಳಿದರೆ ಏನಾಗುತ್ತದೆ, ಹೇಳದಿದ್ದರೆ ಏನಾಗುತ್ತದೆ ಎಂಬುದನ್ನು ಯಾವುದನ್ನೂ ಮರೆಮಾಚದೆ ಬಿಡಿಸಿ ಹೇಳುತ್ತಾರೆ. ಕಾನೂನು ಸೇವಾ ಪ್ರಾಧಿಕಾರದಿಂದ ಅವನಿಗೆ ಉಚಿತವಾಗಿ ಒಬ್ಬ ವಕೀಲರು ದೊರೆಯುವಂತೆ ಮಾಡುತ್ತಾರೆ. ಇಷ್ಟಾದರೂ ಹುಡುಗನು ಒಪ್ಪುವುದಕ್ಕೆ ನಾಲ್ಕು ದಿನ ಬೇಕಾಗುತ್ತದೆ. ಅವನ ಮನಸ್ಸು ತಿರುಗುವುದು ಕಾನೂನಿನ ಮಾತಿನಿಂದಲ್ಲ. ಉಳಿದಿಬ್ಬರಲ್ಲಿ ಒಬ್ಬನಿಗೆ ಇನ್ನೂ ಹನ್ನೊಂದೇ ವರ್ಷವೆಂಬುದು ಅವನಿಗೆ ನೆನಪಾಗುತ್ತದೆ. ಕೊನೆಗೆ ತಂದೆ ಒಂದು ಪಕ್ಕದಲ್ಲಿ, ಸಮಾಲೋಚಕಿ ಇನ್ನೊಂದು ಪಕ್ಕದಲ್ಲಿ ಕುಳಿತಿರಲು, ಹುಡುಗನೇ ಆ ಅಧಿಕಾರಿಗೆ ವಿಷಯವನ್ನು ತಿಳಿಸುತ್ತಾನೆ.

ಪೊಲೀಸರ ಬಗ್ಗೆಯೂ ಒಂದು ಮಾತು ಹೇಳಬೇಕು. ಠಾಣೆಯ ಎಲ್ಲರೂ ಇಂಥವರನ್ನು ಮೊದಲ ದಿನವೇ ಆದರದಿಂದ ಕಾಣುತ್ತಾರೆಂದು ತಿಳಿಯಬಾರದು. ಕಳವು ಮಾಡಿದವನಿಗೆ ಚಹಾ ಕೊಡುವ ಇಲಾಖೆ ಯಾವುದೆಂದು ನಗುವವರಿರುತ್ತಾರೆ. ಅವರನ್ನು ದೂರಿ ಫಲವಿಲ್ಲ. ಬಂದೋಬಸ್ತು, ನ್ಯಾಯಾಲಯದ ಸಮನ್ಸು, ರಾತ್ರಿ ಗಸ್ತು ಇವುಗಳ ನಡುವೆ ನಿದ್ದೆಗೆಟ್ಟ ಪೇದೆಗೆ ಮಗುವಿನ ಮನಸ್ಸನ್ನು ಅರಿಯುವ ವ್ಯವಧಾನ ಎಲ್ಲಿಂದ ಬರಬೇಕು? ಪಳಗಿದ ಅಧಿಕಾರಿಯೊಬ್ಬರು ಈ ಕೆಲಸದ ಬೆಲೆ ತಿಳಿದುಕೊಳ್ಳುವಷ್ಟರಲ್ಲಿ ಅವರಿಗೆ ವರ್ಗವಾಗುವುದೂ ಉಂಟು. ಸಮಾಲೋಚಕಿ ಮತ್ತೆ ಮೊದಲಿನಿಂದ ಆರಂಭಿಸಬೇಕು. ಆದರೂ ಠಾಣೆಯ ಆಸರೆ ಆಕೆಗೆ ಬೇಕೇ ಬೇಕು. ಆಕೆ ಒಬ್ಬರೇ ಕರೆದಿದ್ದರೆ ಆ ಹಮಾಲಿ ತಂದೆ ಬರುತ್ತಿದ್ದನೇ ಎಂಬುದು ಸಂಶಯ. ಠಾಣೆಯಿಂದ ಕರೆ ಹೋದುದರಿಂದ ಬಂದನು. ಇತ್ತ ಪೊಲೀಸರಿಗೂ ಆಕೆ ಬೇಕು. ಆ ಗುಜರಿ ಅಂಗಡಿಯವನ ಸುಳಿವು ಎಷ್ಟು ಗದರಿಸಿದ್ದರೂ ಸಿಗುವಂಥದಾಗಿರಲಿಲ್ಲ.

ಈ ಉದ್ಯೋಗಕ್ಕೆ ಬರುವವರು ಸಾಮಾನ್ಯವಾಗಿ ಸಮಾಜಕಾರ್ಯದಲ್ಲಿಯೋ ಮನಶ್ಶಾಸ್ತ್ರದಲ್ಲಿಯೋ ಉನ್ನತ ವ್ಯಾಸಂಗ ಮಾಡಿರುತ್ತಾರೆ. ಮಗುವಿನ ತೊಂದರೆ ತಮ್ಮ ಅಳವಿಗೆ ಮೀರಿದ್ದೆಂದು ಕಂಡರೆ ವೈದ್ಯರ ಬಳಿಗೆ ಕಳುಹಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮನೋವೈದ್ಯಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಎಲ್ಲ ಮಕ್ಕಳೂ ದಾರಿಗೆ ಬರುತ್ತಾರೆಂಬ ಭರವಸೆಯನ್ನು ಯಾವ ಸಮಾಲೋಚಕರೂ ಕೊಡಲಾರರು. ನಾಲ್ಕು ಭೇಟಿಗಳ ಬಳಿಕ ಮನೆ ಬಿಟ್ಟು ರೈಲು ಹತ್ತಿ ಹೋದ ಮಕ್ಕಳಿದ್ದಾರೆ. ಮಗ ಸರಿಹೋದರೂ ತಂದೆಯ ಕುಡಿತ ಬಿಡದ ಮನೆಗಳಿವೆ. ಅಂಥ ದಿನಗಳಲ್ಲಿಯೂ ಮರುದಿನದ ಹುಡುಗನ ಮುಂದೆ ಹೊಸಬರಂತೆಯೇ ಕುಳಿತುಕೊಳ್ಳಬೇಕಾಗುತ್ತದೆ.

ಮಂಡಳಿಯು ನಮ್ಮ ಹುಡುಗನಿಗೆ ಬುದ್ಧಿ ಹೇಳಿ, ಅವನಿಗೂ ತಂದೆತಾಯಿಗೂ ಸಮಾಲೋಚನೆ ಮುಂದುವರಿಯಬೇಕೆಂದು ಆದೇಶಿಸುತ್ತದೆ. ಒಂದು ವರ್ಷ ಕಾಲ ಪರಿವೀಕ್ಷಣಾಧಿಕಾರಿಯ ಮೇಲ್ವಿಚಾರಣೆಯಲ್ಲಿ ಮನೆಯಲ್ಲಿಯೇ ಇರಬೇಕೆನ್ನುತ್ತದೆ. ಇಂಥ ಪ್ರಕರಣದ ಕಾಗದಗಳನ್ನು ಅವಧಿ ಮುಗಿದ ಮೇಲೆ ನಾಶಮಾಡಬೇಕೆಂದು ಕಾಯಿದೆಯೇ ವಿಧಿಸಿದೆ. ಮುಂದೆ ಉದ್ಯೋಗಕ್ಕೆ ಅರ್ಜಿ ಹಾಕುವಾಗ ಈ ಬೆಂಚು ಅವನನ್ನು ಹಿಂಬಾಲಿಸುವುದಿಲ್ಲ. ಆದರೆ ಶಾಲೆಗೆ ಮತ್ತೆ ಸೇರಿಸುವುದೇನೂ ಸುಲಭವಾಗಲಿಲ್ಲ. ಸಮಾಲೋಚಕಿ ಮುಖ್ಯೋಪಾಧ್ಯಾಯರನ್ನು ಮೂರು ಸಲ ಕಾಣಬೇಕಾಯಿತು. ಇತರ ಮಕ್ಕಳು ಕೆಟ್ಟಾರೆಂಬುದು ಅವರ ಆತಂಕ. "ಸಾರ್, ಮೂರು ತಿಂಗಳು ಅವನು ಬರದೇ ಇದ್ದಾಗ ಯಾರಾದರೂ ಅವನ ಮನೆಗೆ ಹೋಗಿದ್ರಾ?" ಎಂದು ಆಕೆ ಮೂರನೆಯ ಸಲ ಕೇಳಿದ ಮೇಲೆ ಹಾಜರಿ ಪುಸ್ತಕದಲ್ಲಿ ಅವನ ಹೆಸರು ಮತ್ತೆ ಸೇರಿತು.

ಆರು ತಿಂಗಳ ನಂತರ ಒಂದು ಶನಿವಾರ ಆಕೆ ಮತ್ತೆ ಆ ಮನೆಗೆ ಹೋಗುತ್ತಾರೆ. ತಾಯಿ ಭಟ್ಟಿಯಿಂದ ಆಗತಾನೆ ಬಂದಿದ್ದಾಳೆ. ಅಜ್ಜಿ ಚಾಪೆ ಹಾಸುತ್ತಾಳೆ. ತಂದೆ ಈಗ ಮೂಟೆ ಹೊರುವುದನ್ನು ಬಿಟ್ಟು ಅದೇ ಮಾರುಕಟ್ಟೆಯಲ್ಲಿ ರಾತ್ರಿ ಕಾವಲಿಗಿದ್ದಾನೆ. ಕುಡಿತ ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ ಎಂದು ತಾಯಿ ಹೇಳುತ್ತಾಳೆ. ಹುಡುಗನು ಗಣಿತದ ಉತ್ತರಪತ್ರಿಕೆಯನ್ನು ತಂದು ತೋರಿಸುತ್ತಾನೆ. ಹದಿನೇಳು ಅಂಕ, ಪಾಸಾಗಿಲ್ಲ. ಕೆಳಗಡೆ ಪೋಷಕರ ಸಹಿಯ ಜಾಗದಲ್ಲಿ ತಂದೆಯ ಹೆಬ್ಬೆಟ್ಟಿನ ಗುರುತಿದೆ. ಆಕೆ ಅದನ್ನು ನೋಡಿ, ಪುಸ್ತಕ ತೆರೆದು ಮುಂದಿನ ಭೇಟಿಯ ತಾರೀಖನ್ನು ಬರೆದುಕೊಳ್ಳುತ್ತಾರೆ.